ಹದಿಹರೆಯದ ಪಾಠ: ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಹೇಳಬೇಕಾ, ಬೇರೆ ಬೇರೆಯಾ?

ಜಗಳೂರು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ತರಗತಿಯಲ್ಲಿ ಹದಿಹರೆಯದ ಪಾಠ ಇದೆಯಲ್ಲ, ಅದು ಈಗ ಬರುತ್ತಿದೆ. ಸುಮಾರು ಕಡೆ ಈ ಪಾಠದ ಗತಿ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. "ಇದನ್ನು ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಪೂರ್ತಿ ಹೇಳಿಕೊಡಬೇಕು ಅಂತಿದ್ದೇನೆ.

ತೊಂದರೆ ಏನೆಂದರೆ, ವಿಜ್ಞಾನಕ್ಕೆ ಶಾಲೆಯಲ್ಲಿ ನಾನೊಬ್ಬನೇ. ಹೆಣ್ಣುಮಕ್ಕಳು ನನ್ನ ಮುಂದೆ ಬಾಯಿ ಬಿಡುವುದಿಲ್ಲ. ಹುಡುಗರು ಪುಸ್ತಕದ ಆ ಪುಟ ತೆಗೆದ ತಕ್ಷಣ ಕಿಸಕ್ಕನೆ ನಗುತ್ತಾರೆ. ಒಬ್ಬ ತಂದೆಯಂತೂ ಶಾಲೆಗೇ ಬಂದು "ಇದೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡ್ತಾವೆ ಸರ್" ಅಂದರು. ಇನ್ನೊಂದು ಕಡೆ ನೋಡಿದರೆ ಆರನೇ ತರಗತಿಯ ಹುಡುಗಿಯರೇ ಮುಟ್ಟಾಗುತ್ತಿದ್ದಾರೆ. ಎಂಟನೇ ತರಗತಿಗೆ ಪಾಠ ಬರುವಷ್ಟರಲ್ಲಿ ಅರ್ಧ ಮಕ್ಕಳಿಗೆ ಆಗಬೇಕಾದ್ದು ಆಗಿ ಹೋಗಿರುತ್ತದೆ.

ಒಟ್ಟಿಗೆ ಕೂರಿಸಲಾ, ಬೇರೆ ಬೇರೆಯಾ? ಗಂಡಸು ಮೇಷ್ಟ್ರು ಇದನ್ನು ಹೇಗೆ ಹೇಳಬೇಕು? ಮಾಡಿ ನೋಡಿದವರು ಇದ್ದರೆ ದಯವಿಟ್ಟು ಬರೆಯಿರಿ.

ವಿದ್ಯಾನಗರ ಅಪ್ಪ
ಒಟ್ಟಿಗೇ ಹೇಳಿ ಸರ್. ಪುಸ್ತಕ ಒಂದೇ, ತರಗತಿ ಒಂದೇ.

ಹೊನ್ನಾಳಿ ಟೀಚರ್
ಸರ್, ಮೊದಲು ಬೇರೆ ಬೇರೆ, ಆಮೇಲೆ ಒಟ್ಟಿಗೆ. ನಾನು ಹೀಗೇ ಮಾಡುವುದು. ಮೊದಲೇ ಒಟ್ಟಿಗೆ ಕೂರಿಸಿದರೆ ಹೆಣ್ಣುಮಕ್ಕಳು ಪೀರಿಯಡ್ ಮುಗಿಯುವವರೆಗೂ ತಲೆ ಎತ್ತುವುದಿಲ್ಲ. ಬರೀ ಬೇರೆ ಬೇರೆಯಾಗೇ ಬಿಟ್ಟರೆ ಹುಡುಗರಿಗೆ ಮುಟ್ಟು ಅಂದರೆ ಏನೆಂದೇ ಗೊತ್ತಾಗದೆ ಉಳಿಯುತ್ತದೆ. ಅವರೇ ನಾಳೆ ಗಂಡಂದಿರು, ಅಪ್ಪಂದಿರು, ಮೇಷ್ಟ್ರುಗಳು.

ಪಾಠಕ್ಕೆ ಒಂದು ವಾರ ಮೊದಲು ಒಂದು ಡಬ್ಬಿ ಇಡುತ್ತೇನೆ. ಬಿಸ್ಕತ್ ಡಬ್ಬಿ, ಮುಚ್ಚಳಕ್ಕೆ ತೂತು. ಎಲ್ಲರೂ ಒಂದೊಂದು ಚೀಟಿ ಹಾಕಲೇಬೇಕು, ಹೆಸರು ಬರೆಯುವ ಹಾಗಿಲ್ಲ. ಕೇಳುವುದು ಏನೂ ಇಲ್ಲದವರು "ಏನಿಲ್ಲ" ಅಂತ ಬರೆದು ಹಾಕಲಿ. ಹೀಗೆ ಮಾಡಿದರೆ ಯಾರು ಬರೆದರು, ಯಾರು ಬಿಟ್ಟರು ಅಂತ ತಿಳಿಯುವುದಿಲ್ಲ. ಬರುವ ಪ್ರಶ್ನೆಗಳು ಇಂಥವು: "ಮುಟ್ಟಾದಾಗ ಓಡಬಹುದಾ?" "ನನ್ನ ಧ್ವನಿ ಒಡೆದಿದೆ, ಮತ್ತೆ ಸರಿ ಆಗುತ್ತಾ?" "ನನಗೆ ಸುಮ್ನೆ ಅಳು ಬರುತ್ತೆ, ಯಾಕೆ?" "ನಮ್ಮಪ್ಪಂಗೆ ಗಡ್ಡ ಇಲ್ಲ, ನಂಗೂ ಬರಲ್ವಾ?" ಕೊನೆಯದನ್ನು ಓದುವಾಗ ಇಡೀ ತರಗತಿ ನಗುತ್ತದೆ. ನಗಲಿ. ಆ ನಗು ಆದಮೇಲೆ ಎಲ್ಲರ ಹೆಗಲು ಕೆಳಗಿಳಿಯುತ್ತದೆ, ಅಲ್ಲಿಂದ ಪಾಠ ಸಲೀಸು.

ಪಿ.ಬಿ. ರೋಡ್ ಹಿರಿಯ
ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಕಾಲದಲ್ಲಿ ಯಾರೂ ಹೇಳಿಕೊಡಲಿಲ್ಲ, ನಾವೇನು ಕೆಟ್ಟೆವಾ? ಹೆಣ್ಣುಮಕ್ಕಳಿಗೆ ತಾಯಿ ಹೇಳುತ್ತಿದ್ದಳು, ಅಜ್ಜಿ ಹೇಳುತ್ತಿದ್ದಳು. ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಈಗಲೇ ಮೊಬೈಲ್ ಕೈಗೆ ಬಂದು ಮಕ್ಕಳ ಕಣ್ಣಿಗೆ ಬೇಡದ್ದೆಲ್ಲ ಬೀಳುತ್ತಿದೆ. ಅದರ ಮೇಲೆ ಶಾಲೆಯಲ್ಲೂ ಅದೇ ಮಾತಾ?

ಹರಿಹರದ ತಾಯಿ
ಯಜಮಾನರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ. ತಾಯಿ ಹೇಳುತ್ತಿದ್ದಳು ಅನ್ನುತ್ತೀರಲ್ಲ, ನನಗೆ ಯಾರೂ ಹೇಳಲಿಲ್ಲ. ಮೊದಲ ಸಲ ರಕ್ತ ನೋಡಿದಾಗ ಒಳಗೆ ಏನೋ ಒಡೆದು ಹೋಗಿದೆ, ಸತ್ತೇ ಹೋಗುತ್ತೇನೆ ಅಂದುಕೊಂಡೆ. ಅಮ್ಮನಿಗೆ ಹೇಳಿದರೆ "ಶ್, ಅಪ್ಪಂಗೆ ಕೇಳಿಸೀತು" ಅಂದು ಹಳೇ ಪಂಚೆ ಹರಿದು ಕೊಟ್ಟರು, ಅಷ್ಟೇ. ಆ ಬಟ್ಟೆಯನ್ನು ಬಿಸಿಲಿಗೆ ಹಾಕುವ ಹಾಗಿರಲಿಲ್ಲ. ಹಿತ್ತಲ ತಂತಿ ಮೇಲೆ ಲಂಗದ ಅಡಿಗೆ ಮುಚ್ಚಿ ಒಣಗಿಸಬೇಕಿತ್ತು. ಮಳೆಗಾಲದಲ್ಲಿ ಒಣಗುತ್ತಲೇ ಇರಲಿಲ್ಲ, ಒದ್ದೆಯದ್ದನ್ನೇ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ತೊಡೆ ಉಜ್ಜಿ ಗಾಯ ಆಗುತ್ತಿತ್ತು, ತುರಿಕೆ ಬೇರೆ.

ಯಾರೂ ಕೆಡಲಿಲ್ಲ ಅಂತೀರಿ. ಕಷ್ಟಪಟ್ಟವರು ಯಾರೂ ನಿಮ್ಮ ಹತ್ತಿರ ಬಂದು ಹೇಳಲಿಲ್ಲ, ಅಷ್ಟೇ.

ನಿಟ್ಟುವಳ್ಳಿ
+1 ಅಕ್ಕ. ನಮ್ಮ ಮನೆಯಲ್ಲೂ ಇದೇ ಕಥೆ.

ಪಿ.ಬಿ. ರೋಡ್ ಹಿರಿಯ
ತಾಯಿ, ನೀವು ಹೇಳಿದ್ದು ಓದಿ ಬೇಜಾರಾಯಿತು. ಆದರೂ ಹೇಳುತ್ತೇನೆ, ಮೊದಲು ತಾಯಂದಿರಿಗೆ ಹೇಳಿಕೊಡಲಿ. ಮನೆಯವರಿಗೆ ತಿಳಿಸದೆ ಮಕ್ಕಳಿಗೆ ನೇರ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ.

ಜಗಳೂರು ಮೇಷ್ಟ್ರು
ಈ ಮಾತು ಒಪ್ಪುತ್ತೇನೆ ಹಿರಿಯರೇ. ಪಾಠಕ್ಕೆ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತಂದೆ ತಾಯಿಯರಿಗೆ ಪುಸ್ತಕದ ಪುಟಗಳನ್ನೇ ತೋರಿಸುತ್ತೇನೆ. ಬಂದು ಗದರಿದ ಆ ತಂದೆಯನ್ನೂ ಕರೆಯುತ್ತೇನೆ.

ಕೋಟೆ ಊರಿನವ
ಎಲ್ಲರೂ ಹೆಣ್ಣುಮಕ್ಕಳ ವಿಷಯವೇ ಬರೆಯುತ್ತಿದ್ದೀರಿ. ಬರೆಯಬೇಕಾದ್ದೇ. ಆದರೆ ಹುಡುಗರ ವಿಷಯಕ್ಕೆ ಬಾಯಿ ತೆಗೆಯುವವರೇ ಇಲ್ಲ.

ನಾನು ಚಿತ್ರದುರ್ಗದಲ್ಲಿ ಓದಿದವನು. ಏಳನೇ ಕ್ಲಾಸಿನಲ್ಲಿ ಒಂದು ದಿನ ಬೆಳಿಗ್ಗೆ ಎದ್ದಾಗ ಚಡ್ಡಿ ಒದ್ದೆ. ಉಚ್ಚೆ ಅಲ್ಲ ಅಂತ ಗೊತ್ತಾಯಿತು, ಮತ್ತೇನು ಅಂತ ಗೊತ್ತಾಗಲಿಲ್ಲ. ಯಾರಿಗೆ ಕೇಳಲಿ? ಅಪ್ಪನ ಹತ್ತಿರ ಸಾಧ್ಯವೇ ಇಲ್ಲ. ಗೆಳೆಯನಿಗೆ ಹೇಳಿದರೆ ಅವನು "ಅದು ಧಾತು ಹೋಗೋದು, ಹಂಗೇ ಬಿಟ್ರೆ ಒಣಗಿ ಹೋಗ್ತೀಯ" ಅಂದ. ಬಸ್ ಸ್ಟ್ಯಾಂಡ್ ಹತ್ತಿರ ಗೋಡೆ ಮೇಲೆ ಬರೆದಿರುತ್ತಾರಲ್ಲ, ಗುಪ್ತ ರೋಗ, ನರ ದೌರ್ಬಲ್ಯ, ಶಾಶ್ವತ ಪರಿಹಾರ ಅಂತ. ಆ ಅಕ್ಷರಗಳೇ ನನಗೆ ಪಾಠ ಹೇಳಿದ್ದು. ಒಂದು ಹನಿ ವೀರ್ಯಕ್ಕೆ ಎಷ್ಟೋ ಹನಿ ರಕ್ತ ಬೇಕು ಅನ್ನುವುದನ್ನು ಪೂರ್ತಿ ನಂಬಿದ್ದೆ. ಎರಡು ವರ್ಷ ನನಗೆ ದೊಡ್ಡ ರೋಗ ಇದೆ ಅಂದುಕೊಂಡೇ ಬದುಕಿದೆ. ಕಬಡ್ಡಿ ಬಿಟ್ಟೆ. ಊಟ ಸೇರುತ್ತಿರಲಿಲ್ಲ. ಅಮ್ಮ ನಿಂಬೆಹಣ್ಣು ಇಳಿ ತೆಗೆದರು.

ಮೇಷ್ಟ್ರೇ, ಆಗ ನಿಮ್ಮ ಹಾಗೆ ಒಬ್ಬರು ನಿಂತು "ಇದು ಸುಮಾರು ಹುಡುಗರಿಗೆ ಆಗುತ್ತೆ, ರೋಗ ಅಲ್ಲ" ಅಂತ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಪುಸ್ತಕದಲ್ಲಿ ಇರಲಿ ಬಿಡಲಿ, ಇದನ್ನು ಹೇಳದೆ ಬಿಡಬೇಡಿ.

ಡಾಕ್ಟರಮ್ಮ ದಾವಣಗೆರೆ
ಕೋಟೆ ಊರಿನವರು ಬರೆದದ್ದು ನೂರಕ್ಕೆ ನೂರು ನಿಜ. ಈಗಲೂ ಹುಡುಗರು ಇದೇ ಭಯ ಹೊತ್ತುಕೊಂಡು ಬರುತ್ತಾರೆ, ಕೆಲವರು ಪುಡಿ, ಲೇಹ್ಯ ಅಂತ ದುಡ್ಡು ಕಳೆದುಕೊಂಡ ಮೇಲೆ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ, ಶಕ್ತಿಯೂ ಹೋಗುವುದಿಲ್ಲ. ವೀರ್ಯ ರಕ್ತದಿಂದ ಆಗುವುದೂ ಅಲ್ಲ. ವೃಷಣದಲ್ಲಿ ವೀರ್ಯಾಣು ದಿನಾ ತಯಾರಾಗುತ್ತಲೇ ಇರುತ್ತದೆ.

ಮೇಷ್ಟ್ರಿಗೆ ಉಪಯೋಗ ಆಗಲಿ ಅಂತ ಕೆಲವು ವಿಷಯ ಬರೆಯುತ್ತೇನೆ. ಹುಡುಗಿಯರಲ್ಲಿ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ, ಹುಡುಗರಲ್ಲಿ 9ರಿಂದ 14ರೊಳಗೆ. ಶುರು ಮಾಡಿಸುವುದು ಮೆದುಳು. ಅಲ್ಲಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಹೋಗಿ, ಅದು ಹುಡುಗಿಯರಲ್ಲಿ ಅಂಡಾಶಯವನ್ನು, ಹುಡುಗರಲ್ಲಿ ವೃಷಣವನ್ನು ಎಬ್ಬಿಸುತ್ತದೆ. ಹುಡುಗಿಯರಲ್ಲಿ ಮೊದಲು ಕಾಣುವುದು ಎದೆಯ ಬೆಳವಣಿಗೆ. ಅದು ಶುರುವಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಈ ಅಂತರ ತಾಯಂದಿರಿಗೆ ಗೊತ್ತಿದ್ದರೆ ಮಗಳನ್ನು ಮೊದಲೇ ತಯಾರು ಮಾಡಬಹುದು. ಹುಡುಗರಲ್ಲಿ ಮೊದಲು ವೃಷಣ ದೊಡ್ಡದಾಗುತ್ತದೆ. ಎತ್ತರ ಬೆಳೆಯುವುದು, ಧ್ವನಿ ಒಡೆಯುವುದು ಆಮೇಲೆ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಸರಸರ ಎತ್ತರ ಆಗುತ್ತಾರೆ. ಆರು, ಏಳನೇ ತರಗತಿಯ ಪ್ರಾರ್ಥನೆ ಸಾಲು ನೋಡಿ, ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ವಯಸ್ಸಿನಲ್ಲಿ ಸುಮಾರು ಹುಡುಗರಿಗೆ ಎದೆ ಸ್ವಲ್ಪ ಊದಿಕೊಂಡು ಮುಟ್ಟಿದರೆ ನೋಯುತ್ತದೆ. ಬಹುಪಾಲು ಹುಡುಗರಿಗೆ ಆರು ತಿಂಗಳಿಂದ ಎರಡು ವರ್ಷದಲ್ಲಿ ತಾನಾಗೇ ಇಳಿಯುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಆ ಹುಡುಗ ಅಂಗಿ ಬಿಚ್ಚಬೇಕಾಗುತ್ತದೆ ಅಂತ ಈಜು ಬಿಡುತ್ತಾನೆ, ಗೆಳೆಯರು ಅಡ್ಡಹೆಸರು ಇಡುತ್ತಾರೆ. ದಯವಿಟ್ಟು ತರಗತಿಯಲ್ಲಿ ಹೇಳಿ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು? ಹುಡುಗಿಗೆ 8 ವರ್ಷಕ್ಕೆ ಮೊದಲೇ, ಹುಡುಗನಿಗೆ 9ಕ್ಕೆ ಮೊದಲೇ ಬದಲಾವಣೆ ಶುರುವಾದರೆ. ಹುಡುಗಿಗೆ 13 ಆದರೂ, ಹುಡುಗನಿಗೆ 14 ಆದರೂ ಏನೂ ಕಾಣದಿದ್ದರೆ. 15 ತುಂಬಿದರೂ ಮುಟ್ಟಾಗದಿದ್ದರೆ. ರಕ್ತಸ್ರಾವ ಏಳು ದಿನಕ್ಕಿಂತ ಜಾಸ್ತಿ ಇದ್ದರೆ, ಗಂಟೆ ಎರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ ಕೂಡ.

ಕೆಟಿಜೆ ನಗರ
ಮೇಡಂ, ನನ್ನ ಮಗಳಿಗೆ ಶುರುವಾಗಿ ಒಂದು ವರ್ಷ. ಒಂದು ತಿಂಗಳು ಆಗುತ್ತದೆ, ಒಂದು ತಿಂಗಳು ಆಗುವುದಿಲ್ಲ. ಪಕ್ಕದ ಮನೆಯವರು ಪಿಸಿಒಡಿ, ಅಂದರೆ ಅಂಡಾಶಯದ ತೊಂದರೆ, ಅಂತಾರೆ. ಸ್ಕ್ಯಾನಿಂಗ್ ಮಾಡಿಸಬೇಕಾ?

ಡಾಕ್ಟರಮ್ಮ ದಾವಣಗೆರೆ
ಮೊದಲ ಎರಡು ವರ್ಷ ಹೀಗೆ ಹೆಚ್ಚುಕಮ್ಮಿ ಆಗುವುದು ಸಹಜ. ಈ ವಯಸ್ಸಿನಲ್ಲಿ 21ರಿಂದ 45 ದಿನದ ಅಂತರವನ್ನು ಸರಿ ಅಂತಲೇ ನೋಡುತ್ತೇವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಮಗಳಿಗೇ ಹೇಳಿಕೊಡಿ. ಮೂರು ತಿಂಗಳು ಪೂರ್ತಿ ಬರದಿದ್ದರೆ ಕರೆದುಕೊಂಡು ಬನ್ನಿ. ಪಕ್ಕದ ಮನೆಯವರ ಮಾತಿಗೆ ಸ್ಕ್ಯಾನಿಂಗ್ ಬೇಡ.

ಚನ್ನಗಿರಿ ಅಡಿಕೆ
ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ತಿಂದರೆ ಮುಟ್ಟು ಜಾಸ್ತಿ ಹೋಗುತ್ತೆ ಅಂತಾರೆ, ನಮ್ಮ ಹುಡುಗಿ ತಿನ್ನದೆ ಕಿಟಕಿಯಿಂದ ಆಚೆ ಎಸೀತಾಳೆ.

ಡಾಕ್ಟರಮ್ಮ ದಾವಣಗೆರೆ
ತಪ್ಪು ಮಾಹಿತಿ. ಅದು ಕಬ್ಬಿಣಾಂಶದ ಮಾತ್ರೆ, ವಾರಕ್ಕೊಂದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಖಾಲಿ ಹೊಟ್ಟೆಗೆ ಬೇಡ, ಬಿಸಿಯೂಟ ಆದಮೇಲೆ ನುಂಗಿಸಿ. ಅದರ ಹಿಂದೆಯೇ ಟೀ ಕುಡಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಜನಕ್ಕೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಎಸೆಯಬೇಡಿ ಅಂತ ಹೇಳಿ.

ಹರಪನಹಳ್ಳಿ ರೋಡ್
ಪಾಠ, ಡಬ್ಬಿ ಎಲ್ಲ ಸರಿ. ಶೌಚಾಲಯಕ್ಕೆ ಚಿಲಕ ಇದೆಯಾ ಮೊದಲು ನೋಡಿ. ನಮ್ಮೂರ ಶಾಲೆಯಲ್ಲಿ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ನಲ್ಲಿ ಇದೆ, ನೀರಿಲ್ಲ. ಆ ದಿನಗಳಲ್ಲಿ ಮಕ್ಕಳು ಶಾಲೆಗೇ ಬರುವುದಿಲ್ಲ.

ಹೊನ್ನಾಳಿ ಟೀಚರ್
ನಿಜ ಅಣ್ಣ. ಚಿಲಕ, ಒಂದು ಬಕೆಟ್ ನೀರು, ಮುಚ್ಚಳ ಇರುವ ಒಂದು ಡಬ್ಬ. ಇವು ಮೂರು ಇಲ್ಲದೆ ಮುಟ್ಟಿನ ಸ್ವಚ್ಛತೆ ಬಗ್ಗೆ ಭಾಷಣ ಮಾಡಿ ಪ್ರಯೋಜನ ಇಲ್ಲ. ನಮ್ಮಲ್ಲಿ ಪಂಚಾಯಿತಿಗೆ ಅರ್ಜಿ ಕೊಟ್ಟು, ಸದಸ್ಯರ ಹಿಂದೆ ಬಿದ್ದು ಮಾಡಿಸಿಕೊಂಡೆವು.

ನಿಟ್ಟುವಳ್ಳಿ
ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಈಗ ಬರುತ್ತಿದೆಯಾ? ಮಧ್ಯೆ ನಿಂತು ಹೋಗಿತ್ತಲ್ವಾ?

ಆಶಾ ಅಕ್ಕ ಹೊಳಲ್ಕೆರೆ
2024ರಲ್ಲಿ ಮತ್ತೆ ಶುರುವಾಯಿತು. ಸರ್ಕಾರಿ, ಅನುದಾನಿತ ಶಾಲೆ ಮತ್ತು ಹಾಸ್ಟೆಲ್ ಮಕ್ಕಳಿಗೆ ಉಚಿತ. ಶಾಲೆಗೆ ಬಂದಿಲ್ಲ ಅಂದರೆ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೇಳಿ. ಜನೌಷಧಿ ಅಂಗಡಿಯಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಕಡಿಮೆ ಹೋಗುತ್ತಿದ್ದರೂ ಬದಲಾಯಿಸಬೇಕು. ಬಟ್ಟೆ ಬಳಸುವವರು ಸೋಪಿನಲ್ಲಿ ತೊಳೆದು ಬಿಸಿಲಿಗೇ ಹಾಕಿ. ಬಿಸಿಲಿಗೆ ನಾಚಿಕೆ ಬೇಡ.

ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ, 10ರಿಂದ 19 ವರ್ಷದವರಿಗೇ ಅಂತ. ಹುಡುಗರೂ ಬರಬಹುದು. ಬರುವುದೇ ಇಲ್ಲ ಅನ್ನುವುದೇ ನಮ್ಮ ಬೇಜಾರು.

ಹಟ್ಟಿ ಹುಡುಗಿ
ನಾನು ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯವಳು, ಈಗ ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ನೀವೆಲ್ಲ ನಾಚಿಕೆ, ಕಿಸಿಕಿಸಿ ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆ ಮುಟ್ಟಾದರೆ ಹಟ್ಟಿಯಿಂದಲೇ ಆಚೆ. ನಾನು ಮೊದಲ ಸಲ ಮುಟ್ಟಾದಾಗ ಬೇಲಿ ಆಚೆ ಗುಡಿಸಲಿನಲ್ಲಿ ಮಲಗಿದ್ದೆ. ಅಜ್ಜಿ ಸ್ವಲ್ಪ ದೂರದಲ್ಲಿ ಕೂತಿದ್ದಳು, ಆದರೆ ಮುಟ್ಟುವ ಹಾಗಿರಲಿಲ್ಲ. ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ರಾತ್ರಿ ಬೆಳಕಿಗೆ ಒಂದು ಬುಡ್ಡಿ. ನಾಯಿ ಬೊಗಳಿದರೆ ಹಾವು ಬಂದಿದೆ ಅಂತ ಎದ್ದು ಕೂರುತ್ತಿದ್ದೆ. ಪರೀಕ್ಷೆ ಬೇರೆ ಇತ್ತು, ಪುಸ್ತಕವೂ ಮೈಲಿಗೆ ಅಂತ ಕೊಡಲಿಲ್ಲ.

ಈಗ ಸುಮಾರು ಬದಲಾಗಿದೆ. ನಮ್ಮಮ್ಮ ನನ್ನ ತಂಗಿಯನ್ನು ಮನೆ ಅಂಗಳದಲ್ಲೇ ಇರಿಸಿಕೊಂಡಳು. ಅದಕ್ಕೂ ಮಾತು ಕೇಳಬೇಕಾಯಿತು. ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಹಟ್ಟಿಯ ಮಕ್ಕಳಿದ್ದರೆ, ಅದು ಕೊಳಕು ರಕ್ತ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ಗರ್ಭಕೋಶದ ಒಳಪದರ ಮಗುವಿಗೆ ಅಂತ ತಯಾರಾಗಿ, ಬೇಡವಾದಾಗ ಕಳಚಿ ಬರುವುದು. ಇದನ್ನು ಕಾಲೇಜಿನಲ್ಲಿ ಓದಿದ ದಿನ ನನಗೆ ಸಿಟ್ಟು ಬಂತು. ಯಾಕೆ ಇಷ್ಟು ತಡವಾಗಿ ಗೊತ್ತಾಯಿತು ಅಂತ.

ಹಿರಿಯೂರು ನಾನು
ತಂಗಿ, ನಮ್ಮ ಸಮುದಾಯದ ಮಾತನ್ನು ಹೀಗೆ ಬೀದಿಗೆ ತರಬೇಕಾ? ನಮ್ಮ ದೇವರು ಜುಂಜಪ್ಪನ ಕಟ್ಟಳೆ ಅದು. ಓದಿದವರೆಲ್ಲ ಬಂದು ನಮ್ಮನ್ನೇ ಬೈಯುತ್ತಾರೆ. ಪೇಟೆ ಮನೆಗಳಲ್ಲಿ ಮೂರು ದಿನ ಮೂಲೆಯಲ್ಲಿ ಕೂರಿಸುವುದಿಲ್ಲವಾ?

ಹಟ್ಟಿ ಹುಡುಗಿ
ಅಣ್ಣ, ಜುಂಜಪ್ಪನ ಮೇಲೆ ನನಗೂ ಭಕ್ತಿ ಇದೆ. ಪೇಟೆಯವರೂ ಕೂರಿಸುತ್ತಾರೆ, ಅದೂ ತಪ್ಪೇ. ಆದರೆ ಅವರ ಮಗಳು ಮೂಲೆಯಲ್ಲಾದರೂ ಸೂರಿನ ಕೆಳಗೆ ಇರುತ್ತಾಳೆ. ನಾವು ಮಳೆಯಲ್ಲಿ ಆಚೆ ಇರುತ್ತೇವೆ. ನಾನು ಬೈಯುತ್ತಿಲ್ಲ, ನನಗೆ ಆದದ್ದು ಹೇಳುತ್ತಿದ್ದೇನೆ.

ವಕೀಲರು ದುರ್ಗ
ಕಾನೂನು ತಿಳಿದಿರಲಿ ಅಂತ ಹೇಳುತ್ತೇನೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಪ್ರಕಾರ, ಮುಟ್ಟಾದ ಹೆಣ್ಣುಮಕ್ಕಳನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರ ಹೊರಗೆ ಇಡುವುದು ಅಪರಾಧ. ಆದರೆ ಕೇಸು ಹಾಕುವುದರಿಂದ ಇದು ಹೋಗುವುದಿಲ್ಲ. ಈ ತಂಗಿಯ ಅಮ್ಮ ಮಾಡಿದ ಹಾಗೆ ಮನೆಯೊಳಗಿಂದಲೇ ಹೋಗಬೇಕು.

ಕೆಟಿಜೆ ನಗರ
ನಮ್ಮ ಏರಿಯಾದಲ್ಲಿ ಇದರ ಉಲ್ಟಾ. ಹುಡುಗಿ ದೊಡ್ಡವಳಾದಳು ಅಂತ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸುತ್ತಾರೆ, ಫೋಟೋ ಸಮೇತ. ಆ ಮಗು ಮಾರನೇ ದಿನ ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕು. ಹುಡುಗರು ಏನೆಲ್ಲ ಅಂತಾರೆ!

ಚನ್ನಗಿರಿ ಅಡಿಕೆ
ಆರತಿ ಮಾಡುವುದರಲ್ಲಿ ತಪ್ಪೇನು? ಸೋದರಮಾವ ಸೀರೆ ತರುತ್ತಾನೆ, ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ, ಸೋಬಾನೆ ಹಾಡುತ್ತಾರೆ. ಮಗಳಿಗೆ ಖುಷಿ.

ಹರಿಹರದ ತಾಯಿ
ಮನೆಯೊಳಗೆ ಹೆಂಗಸರು ಸೇರಿ ಮಾಡಿದರೆ ಚಂದವೇ, ಅದು ಮಗಳಿಗೂ ಇಷ್ಟ ಇದ್ದರೆ. ಫ್ಲೆಕ್ಸ್ ಬೇಡ. ನನ್ನ ಮಗಳು "ಅಮ್ಮಾ ಯಾರಿಗೂ ಹೇಳಬೇಡ" ಅಂದಳು. ನಾನು ಯಾರನ್ನೂ ಕರೆಯಲಿಲ್ಲ, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಕೊಟ್ಟೆ. ಅತ್ತೆ ಮುನಿಸಿಕೊಂಡರು.

ನಿಟ್ಟುವಳ್ಳಿ
ಅಕ್ಕ, ಚಿಗಳಿಗೆ ಎಳ್ಳು ಹುರಿಯಬೇಕಾ, ಹಸಿಯದಾ?

ಹರಿಹರದ ತಾಯಿ
ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಬಿಸಿ ಇರುವಾಗಲೇ ಬೆಲ್ಲದ ಜೊತೆ ಕುಟ್ಟಿ. ಒಣಕೊಬ್ಬರಿ ಹಾಕಿದರೆ ಇನ್ನೂ ರುಚಿ.

ವಿದ್ಯಾನಗರ ಅಪ್ಪ
ಎಳ್ಳು ಸಾಕು, ವಿಷಯಕ್ಕೆ ಬನ್ನಿ. ಇದು ಸರ್ಕಾರದ್ದೇ ಕಾರ್ಯಕ್ರಮ ಆಗಿತ್ತಲ್ವಾ ಹಿಂದೆ?

ವಕೀಲರು ದುರ್ಗ
ಹೌದು. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಅಂತ ಶುರು ಮಾಡಿತು. 2007ರಲ್ಲಿ ಚಿತ್ರಗಳು ಅಸಭ್ಯ ಅಂತ ಗಲಾಟೆ ಆಗಿ ಹಲವು ರಾಜ್ಯಗಳು ನಿಲ್ಲಿಸಿದವು, ಕರ್ನಾಟಕವೂ ಅದರಲ್ಲಿ ಒಂದು. ಈಗ ಗಾಳಿ ಬೇರೆ ಇದೆ. ಇಂಥ ಶಿಕ್ಷಣ ಒಂಬತ್ತನೇ ತರಗತಿಗಿಂತ ಮೊದಲೇ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಅನ್ನುವವರಿಗೆ ಒಂದು ಮಾತು. ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗಸೂಚಿ ಹಲವು ದೇಶಗಳ ಅಧ್ಯಯನ ನೋಡಿ ಬರೆದದ್ದು. ಸರಿಯಾಗಿ ಹೇಳಿಕೊಟ್ಟ ಕಡೆ ಮಕ್ಕಳು ಬೇಗ ದಾರಿ ತಪ್ಪಿದರು ಅಂತ ಎಲ್ಲೂ ಕಂಡಿಲ್ಲ.

ಪಿ.ಬಿ. ರೋಡ್ ಹಿರಿಯ
ಯುನೆಸ್ಕೊಗೆ ನಮ್ಮ ಜಗಳೂರು ಗೊತ್ತಾ?

ವಕೀಲರು ದುರ್ಗ
ಜಗಳೂರಿನ ಮೇಷ್ಟ್ರಿಗೆ ಗೊತ್ತಲ್ಲ ಹಿರಿಯರೇ. ಅದಕ್ಕೇ ಅವರು ಕೇಳುತ್ತಿದ್ದಾರೆ.

ಮೇಷ್ಟ್ರು 2
ನಾನೂ ಗಂಡಸು ಮೇಷ್ಟ್ರು. ನೇರವಾಗಿ ಹೇಳುತ್ತೇನೆ, ನನಗೆ ಭಯ ಇದೆ. ಹುಡುಗಿಯರಿಗೆ ಮುಟ್ಟಿನ ಪಾಠ ಹೇಳಿ, ಯಾರೋ ತಪ್ಪಾಗಿ ತಿಳಿದುಕೊಂಡು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸ್ ಆದರೆ? ನೌಕರಿ ಹೋಯಿತು, ಮಾನ ಹೋಯಿತು.

ಹೊನ್ನಾಳಿ ಟೀಚರ್
ಭಯ ಅರ್ಥ ಆಗುತ್ತದೆ. ಬಾಗಿಲು ತೆರೆದಿರಲಿ. ಒಬ್ಬ ಶಿಕ್ಷಕಿ ತರಗತಿಯಲ್ಲಿ ಕೂತಿರಲಿ, ಕನ್ನಡ ಟೀಚರ್ ಆದರೂ ಸರಿ. ಹೆಡ್‌ಮಾಸ್ಟರ್‌ಗೆ ಮೊದಲೇ ಬರೆದು ತಿಳಿಸಿ. ಪುಸ್ತಕದ ಚಿತ್ರವನ್ನೇ ಬೋರ್ಡಿನ ಮೇಲೆ ಬರೆಯಿರಿ. ಯಾವ ಮಗುವಿಗೂ "ನಿನಗೆ ಆಗಿದೆಯಾ" ಅಂತ ಕೇಳಬೇಡಿ. ಯಾರ ದೇಹವನ್ನೂ ಉದಾಹರಣೆ ಮಾಡಬೇಡಿ. ಪ್ಯಾಡ್ ಹಾಕುವುದು, ತೆಗೆಯುವುದು ಹೇಳಲು ಆರೋಗ್ಯ ಕೇಂದ್ರದ ಸಿಸ್ಟರ್ ಬರಲಿ. ಹಾರ್ಮೋನು, ಗರ್ಭಕೋಶ, ಕಾರಣ ಎಲ್ಲ ನೀವು ಹೇಳಿ. ಗಂಡಸು ಮೇಷ್ಟ್ರು ನಾಚದೆ ಮುಟ್ಟು ಅನ್ನುವುದನ್ನು ಹುಡುಗರು ಕೇಳಿಸಿಕೊಂಡರೆ ಅರ್ಧ ಪಾಠ ಅಲ್ಲೇ ಆಯಿತು.

ವಕೀಲರು ದುರ್ಗ
ಇನ್ನೊಂದು. ಪಾಠದ ನಡುವೆ ಯಾವುದಾದರೂ ಮಗು ತನಗೆ ಯಾರೋ ಕೆಟ್ಟದ್ದು ಮಾಡಿದರು ಅಂತ ಹೇಳಬಹುದು, ಚೀಟಿಯಲ್ಲಿ ಬರೆಯಬಹುದು. ಅದನ್ನು ಮುಚ್ಚಿಡುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು. ಇದನ್ನು ಯೋಚನೆ ಮಾಡಿಕೊಂಡೇ ಡಬ್ಬಿ ಇಡಿ.

ಹಾಸ್ಟೆಲ್ ವಾರ್ಡನ್
ಮೈಯ ವಿಷಯ ಸುಮಾರು ಬಂತು, ಮನಸ್ಸಿನ ವಿಷಯ ಕಡಿಮೆ ಆಯಿತು. ಹುಡುಗರ ಹಾಸ್ಟೆಲ್ ನೋಡಿಕೊಳ್ಳುವವನು ನಾನು. ಬೆಳಿಗ್ಗೆ ನಗುನಗುತ್ತಾ ಇದ್ದವನು ಮಧ್ಯಾಹ್ನ ತಟ್ಟೆ ಬಿಸಾಕುತ್ತಾನೆ. ಯಾಕೆ ಅಂದರೆ ಅವನಿಗೂ ಗೊತ್ತಿರುವುದಿಲ್ಲ. ಕನ್ನಡಿ ಮುಂದೆ ಮೊಡವೆ ಒತ್ತಿ ಒತ್ತಿ ಗಾಯ. "ನಾನು ಕರ್ರಗಿದ್ದೀನಿ, ಕುಳ್ಳ ಇದ್ದೀನಿ" ಅಂತ ಫೋಟೋಗೇ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ, ಬೆಳಿಗ್ಗೆ ಐದಕ್ಕೆ ಎಬ್ಬಿಸಿದರೆ ಸೋಮಾರಿ ಅಂತ ಬೈಸಿಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ತರಬೇತಿಯಲ್ಲಿ ತಿಳಿದ ಮೇಲೆ ನಾನು ಎಬ್ಬಿಸುವ ಸಮಯ ಮುಂದೆ ಹಾಕಿದೆ.

ಎಲ್ಲಕ್ಕಿಂತ ನೋವು ಕೊಡುವುದು ಒಂದಿದೆ. ಹುಡುಗನ ನೋಟ್‌ಬುಕ್ಕಿನಲ್ಲಿ ಒಂದು ಹುಡುಗಿಯ ಹೆಸರು ಸಿಕ್ಕಿತು, ಒಂದು ಚೀಟಿ ಸಿಕ್ಕಿತು ಅಂದರೆ ಕೆಲವು ಮೇಷ್ಟ್ರು ಅದನ್ನು ಇಡೀ ತರಗತಿ ಮುಂದೆ ಓದುತ್ತಾರೆ. ಹಾಗೆ ಓದಿಸಿಕೊಂಡ ಒಬ್ಬ ಹುಡುಗ ನನ್ನ ಹತ್ತಿರ ಇದ್ದ. ಮೂರು ದಿನ ಊಟ ಮಾಡಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆ ಹುಡುಗಿಯನ್ನು ಮನೆಯವರು ಶಾಲೆಯನ್ನೇ ಬಿಡಿಸಿದರು. ಅವಳು ಮಾಡಿದ ತಪ್ಪೇನು? ಇಷ್ಟ ಆಗುವುದು ಈ ವಯಸ್ಸಿನ ಸಹಜ ಗುಣ. ಇಷ್ಟ ಆದರೆ ಹಿಂದೆ ಬಿದ್ದು ಕಾಡಬಾರದು, ಬೇಡ ಅಂದರೆ ಬೇಡ ಅಂತಲೇ ಅರ್ಥ. ಇದನ್ನು ಹೇಳಿಕೊಡುವ ಜಾಗ ತರಗತಿ. ಮಾನ ಕಳೆಯುವ ಜಾಗ ಅಲ್ಲ.

ಡಾಕ್ಟರಮ್ಮ ದಾವಣಗೆರೆ
ವಾರ್ಡನ್ ಸರ್, ಈ ಮಾತನ್ನು ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲಿ ಓದಬೇಕು. ಭಾವನೆ ಏಳಿಸುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ, ತಡೆದು ಯೋಚಿಸುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಸಿಟ್ಟು ಬೇಗ ಬರುವುದು ಅದಕ್ಕೇ. ಆದರೆ ವಾರಗಟ್ಟಲೆ ಮಂಕಾಗಿ ಕೂತರೆ, ಸಾಯುವ ಮಾತಾಡಿದರೆ "ವಯಸ್ಸಿನ ಆಟ" ಅಂತ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೋಟೆ ಊರಿನವ
ವಾರ್ಡನ್ ಸರ್, ನಮ್ಮ ಹಾಸ್ಟೆಲ್ಲಿಗೆ ನಿಮ್ಮಂಥವರು ಬರಲಿಲ್ಲವಲ್ಲ.

ಜಗಳೂರು ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಡಬ್ಬಿ ಇಡುತ್ತೇನೆ. ಆರು, ಏಳನೇ ತರಗತಿಗೂ ಸೇರಿಸಿ ಹೇಳುತ್ತೇನೆ. ಹುಡುಗಿಯರಿಗೆ ಸಿಸ್ಟರ್ ಜೊತೆ, ಹುಡುಗರಿಗೆ ನಾನು, ಆಮೇಲೆ ಒಟ್ಟಿಗೆ. ಚಿಲಕ ಈ ವಾರವೇ ನಾನೇ ತಂದು ಹಾಕಿಸುತ್ತೇನೆ.

ಹೊಸದುರ್ಗ ಲಾರಿ
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನಾನು ಲಾರಿ ಓಡಿಸುವವನು. ಹೆಂಡತಿ ತೀರಿಕೊಂಡಿದ್ದಾಳೆ. ಮಗಳು ಐದನೇ ಕ್ಲಾಸು, ನಮ್ಮಮ್ಮನ ಹತ್ತಿರ ಇರುತ್ತಾಳೆ. ಅಮ್ಮನಿಗೆ ವಯಸ್ಸಾಗಿದೆ, ಕಿವಿ ಕೇಳುವುದಿಲ್ಲ. ಮಗಳಿಗೆ ಇದನ್ನೆಲ್ಲ ನಾನೇ ಹೇಳಬೇಕು. ಹೇಗೆ ಹೇಳಲಿ?

ಹರಿಹರದ ತಾಯಿ
ಅಣ್ಣ, ಊಟ ಆದಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. "ಇನ್ನು ಸ್ವಲ್ಪ ದಿನಕ್ಕೆ ನಿನ್ನ ಮೈಯಿಂದ ತಿಂಗಳಿಗೊಮ್ಮೆ ರಕ್ತ ಬರೋಕೆ ಶುರುವಾಗುತ್ತೆ. ಎಲ್ಲ ಹುಡುಗಿಯರಿಗೂ ಆಗುತ್ತೆ, ನಿಮ್ಮಮ್ಮಂಗೂ ಆಗ್ತಿತ್ತು. ಹೆದರಬೇಡ, ನಂಗೆ ಫೋನ್ ಮಾಡು" ಅಂತ. ಇಷ್ಟು ಸಾಕು ಮೊದಲ ಸಲಕ್ಕೆ. ಅವಳು ಕೇಳಿದರೆ ಮುಂದಿನದು ಹೇಳಿ.

ಆಶಾ ಅಕ್ಕ ಹೊಳಲ್ಕೆರೆ
ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು ಮಗಳಿಗೆ ಪರಿಚಯ ಮಾಡಿಸಿ. ನೀವು ದೂರದ ಟ್ರಿಪ್ಪಿನಲ್ಲಿದ್ದಾಗ ಅವಳು ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿರಲಿ. ಶಾಲೆ ಬ್ಯಾಗಿನಲ್ಲಿ ಒಂದು ಸಣ್ಣ ಪೌಚ್ ಇಡಿ. ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಿ ಬಿಸಾಕಲು ಸ್ವಲ್ಪ ಪೇಪರ್.

ಹೊಸದುರ್ಗ ಲಾರಿ
ಆಯ್ತು ಅಕ್ಕ. ಅಂಗಡಿಯಲ್ಲಿ ಎಂಥದ್ದು ಅಂತ ಕೇಳಲಿ? ಸೈಜು ಎಲ್ಲ ಇರುತ್ತಲ್ಲ.

ಆಶಾ ಅಕ್ಕ ಹೊಳಲ್ಕೆರೆ
ರೆಗ್ಯುಲರ್ ಅಂತ ಕೇಳಿ, ರೆಕ್ಕೆ ಇರುವುದು. ರಾತ್ರಿಗೆ ಒಂದು ಪ್ಯಾಕ್ ಉದ್ದದ್ದು ತಂದಿಡಿ. ಪರಿಮಳ ಹಾಕಿದ್ದು ಬೇಡ, ಕೆಲವರಿಗೆ ಉರಿಯುತ್ತದೆ.